ಒಳಬಿಡುವುದು ಮತ್ತು ಒಳಗೊಳ್ಳುವುದು

ವಿಶ್ವವಿದ್ಯಾಲಯದ ಅಧ್ಯಾಪಕರು ಹೇಗಿರಬೇಕೆಂಬ ವಿಷಯವಾಗಿ ಹೈಸ್ಕೂಲಿನ ಶಿಕ್ಷಕಿಯೊಬ್ಬಳು ಬರೆಯುವುದು ಕೆಲವರಿಗೆ ಅಧಿಕಪ್ರಸಂಗವೆನಿಸಬಹುದು. ನಾನು ಓದಿದ್ದು ಬಿ.ಎ., ಬಿ.ಎಡ್. ವಿಶ್ವವಿದ್ಯಾಲಯದ ಮೆಟ್ಟಿಲನ್ನು ಪರೀಕ್ಷೆಯ ಶುಲ್ಕ ಕಟ್ಟಲು, ಪದವಿ ಪ್ರಮಾಣಪತ್ರ ತರಲು ಹತ್ತಿದ್ದುಂಟೇ ಹೊರತು ಅಲ್ಲಿ ಕೂತು ಪಾಠ ಕೇಳಿದವಳಲ್ಲ. ಆದರೆ ಅಲ್ಲಿ ಕೂತು ಪಾಠ ಕೇಳುವ ಮಕ್ಕಳು ನಮ್ಮಂಥವರ ಕೈಯಿಂದಲೇ ಹೋದವರು. ಮಗಳನ್ನು ಕೊಟ್ಟ ಮನೆಯವರಿಗೆ, ಅಲ್ಲಿ ಆಕೆಯನ್ನು ಹೇಗೆ ನಡೆಸಿಕೊಳ್ಳುತ್ತಿದ್ದಾರೆಂದು ಕೇಳುವ ಹಕ್ಕು ಇದ್ದೇ ಇರುತ್ತದಲ್ಲವೆ? ಅಷ್ಟು ಹಕ್ಕಿನ ಮೇಲೆ ಈ ನಾಲ್ಕು ಮಾತು.

ಈ ಮಾತುಗಳಿಗೆ ನೆಪವಾದದ್ದು ಒಂದು ಇಂಗ್ಲಿಷ್ ಪುಸ್ತಕ. ಅದರ ಹೆಸರು 'ಟೀಚಿಂಗ್ ಟು ಟ್ರಾನ್ಸ್‌ಗ್ರೆಸ್'. ಗೆರೆ ದಾಟುವುದನ್ನು ಕಲಿಸುವುದು ಎಂದು ಕನ್ನಡದಲ್ಲಿ ಹೇಳಬಹುದು. 1994ರಲ್ಲಿ ಪ್ರಕಟವಾದ ಈ ಪ್ರಬಂಧ ಸಂಕಲನವನ್ನು ಬರೆದವರು ಅಮೆರಿಕದ ಕಪ್ಪು ಲೇಖಕಿ ಬೆಲ್ ಹುಕ್ಸ್. ಅವರ ನಿಜವಾದ ಹೆಸರು ಗ್ಲೋರಿಯಾ ಜೀನ್ ವಾಟ್ಕಿನ್ಸ್. 1952ರಲ್ಲಿ ಕೆಂಟಕಿ ರಾಜ್ಯದ ಹಾಪ್ಕಿನ್ಸ್‌ವಿಲ್ ಎಂಬ ಚಿಕ್ಕ ಊರಿನಲ್ಲಿ ಹುಟ್ಟಿ, ಯೇಲ್, ಓಬರ್ಲಿನ್, ನ್ಯೂಯಾರ್ಕಿನ ಸಿಟಿ ಕಾಲೇಜುಗಳಲ್ಲಿ ಪಾಠ ಮಾಡಿ, ಕೊನೆಗೆ ತಮ್ಮದೇ ರಾಜ್ಯದ ಬೆರಿಯಾ ಕಾಲೇಜಿಗೆ ಮರಳಿ, 2021ರ ಡಿಸೆಂಬರಿನಲ್ಲಿ ತೀರಿಕೊಂಡರು. ಮುತ್ತಜ್ಜಿಯ ಹೆಸರನ್ನು ಬರಹಕ್ಕೆ ಇಟ್ಟುಕೊಂಡು, ಅದನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲೇ ಬರೆಯುತ್ತಿದ್ದರು. ಬರೆದವಳಿಗಿಂತ ಬರೆದದ್ದು ದೊಡ್ಡದೆಂದು ಅದರ ಅರ್ಥ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳ ಭೇದವೇ ಇಲ್ಲದ್ದರಿಂದ ಆಕೆಯ ಈ ವಿನಯ ಕನ್ನಡದಲ್ಲಿ ಕಾಣಿಸುವುದಿಲ್ಲ.

ಪುಸ್ತಕವನ್ನು ನನಗೆ ತಂದುಕೊಟ್ಟವಳು ನನ್ನ ಹಳೆಯ ವಿದ್ಯಾರ್ಥಿನಿ. ಎಂ.ಎ., ಪಿಎಚ್.ಡಿ. ಮುಗಿಸಿ ಈಗ ಒಂದು ಸ್ನಾತಕೋತ್ತರ ಕೇಂದ್ರದಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಾಳೆ. ಅವಳ ಮನೆತನದಲ್ಲಿ ಅವಳಿಗಿಂತ ಮೊದಲು ಯಾರೂ ಹತ್ತನೆಯ ತರಗತಿ ದಾಟಿದ್ದಿಲ್ಲ. ಪುಸ್ತಕದೊಂದಿಗೆ ಅವಳೊಂದು ಪ್ರಶ್ನೆಯನ್ನೂ ತಂದಿದ್ದಳು. "ಅಕ್ಕೋರ, ನಾ ಎಲ್ಲಿಂದ ಬಂದಾಕಿ ಅನ್ನೂದನ್ನ ಕ್ಲಾಸಿನ್ಯಾಗ ಹೇಳ್ಲೋ ಬ್ಯಾಡೋ?" ಪುಸ್ತಕವನ್ನು ನಿಘಂಟಿನ ಸಹಾಯದಿಂದ ಎರಡು ಬೇಸಿಗೆ ರಜೆಗಳಲ್ಲಿ ಓದಿದೆ. ಓದುವಾಗ ಬೆಲ್ ಹುಕ್ಸರ ವಾದವನ್ನು ನಾನು ತೂಗಿದ್ದು ಈ ಪ್ರಶ್ನೆಯ ತಕ್ಕಡಿಯಲ್ಲೇ.

ಪುಸ್ತಕದ ಅತ್ಯಂತ ಜೀವಂತವಾದ ಭಾಗ ಯಾವುದೆಂದು ಕೇಳಿದರೆ ನಾನು ಅದರ ಮೊದಲ ಪುಟಗಳನ್ನೇ ತೋರಿಸುತ್ತೇನೆ. ವಿಶ್ವವಿದ್ಯಾಲಯದ ಅಧ್ಯಾಪನದ ಬಗ್ಗೆ ಬರೆಯಲು ಹೊರಟ ಲೇಖಕಿ ಆರಂಭಿಸುವುದು ತಾವು ಕಲಿತ ಕಪ್ಪು ಮಕ್ಕಳ ಶಾಲೆಯಿಂದ. ಬೂಕರ್ ಟಿ. ವಾಷಿಂಗ್ಟನ್ ಹೆಸರಿನ ಆ ಶಾಲೆಯಲ್ಲಿ ಪಾಠ ಮಾಡುತ್ತಿದ್ದವರು ಬಹುಮಟ್ಟಿಗೆ ಎಲ್ಲರೂ ಕಪ್ಪು ಹೆಂಗಸರು. ಅವರಿಗೆ ಮಕ್ಕಳ ತಂದೆತಾಯಿ ಗೊತ್ತು, ಮನೆ ಗೊತ್ತು, ಇಗರ್ಜಿ ಗೊತ್ತು. ಕಪ್ಪು ಮಗುವೊಂದು ಬುದ್ಧಿಯಿಂದ ಬೆಳೆಯುವುದೇ ಬಿಳಿಯರ ಯಜಮಾನಿಕೆಗೆ ಕೊಡುವ ಉತ್ತರ ಎಂದು ಅವರು ನಂಬಿದ್ದರು. ಹೀಗಾಗಿ ಕಲಿಕೆ ಅಲ್ಲಿ ಹಬ್ಬವಾಗಿತ್ತೆಂದು ಲೇಖಕಿ ನೆನೆಯುತ್ತಾರೆ.

ಆಮೇಲೆ ಬಂದದ್ದು ಸಮಾನತೆ. ಬಿಳಿಯರಿಗೊಂದು ಕರಿಯರಿಗೊಂದು ಶಾಲೆ ನಡೆಸುವುದು ಸಂವಿಧಾನಬಾಹಿರವೆಂದು ಅಮೆರಿಕದ ಸುಪ್ರೀಂ ಕೋರ್ಟು 1954ರಲ್ಲಿ 'ಬ್ರೌನ್' ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಆ ತೀರ್ಪು ನಿಧಾನವಾಗಿ ಹಳ್ಳಿಪಟ್ಟಣಗಳನ್ನು ತಲುಪಿದಾಗ ಬಾಲಕಿ ಗ್ಲೋರಿಯಾ ಬಸ್ಸು ಹತ್ತಿ ಬಿಳಿಯರ ಶಾಲೆಗೆ ಹೋಗಬೇಕಾಯಿತು. ಅಲ್ಲಿ ಜ್ಞಾನವೆಂದರೆ ಬರೀ ಮಾಹಿತಿ. ಬಾಳಿಗೂ ಪಾಠಕ್ಕೂ ನಂಟಿಲ್ಲ. ಕಲಿಯುವ ಹಂಬಲ ತೋರಿಸಿದ ಕಪ್ಪು ಮಗುವನ್ನು ಮೆಚ್ಚುವುದರ ಬದಲು ಅನುಮಾನದಿಂದ ನೋಡುತ್ತಿದ್ದರು. ಹೊಸ ಶಾಲೆಯ ಬಾಗಿಲು ತೆರೆದ ದಿನವೇ ಶಾಲೆಯ ಮೇಲಿನ ತಮ್ಮ ಪ್ರೀತಿ ಸತ್ತುಹೋಯಿತೆಂಬ ಧಾಟಿಯಲ್ಲಿ ಲೇಖಕಿ ಬರೆಯುತ್ತಾರೆ.

ಇದನ್ನು ಓದಿ, ಹಾಗಾದರೆ ಪ್ರತ್ಯೇಕ ಶಾಲೆಗಳೇ ಒಳ್ಳೆಯವಿದ್ದವೇ ಎಂದು ಕೇಳುವವರು ಅವಸರದ ಓದುಗರು. ತೀರ್ಪು ನ್ಯಾಯವಾದದ್ದೇ. ಆದರೆ ಅದು ಜಾರಿಯಾದ ಬಗೆಯನ್ನು ನೋಡಬೇಕು. ಮಕ್ಕಳನ್ನು ಒಟ್ಟುಗೂಡಿಸುವ ಹೆಸರಿನಲ್ಲಿ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಮಕ್ಕಳ ಶಾಲೆಗಳನ್ನು ಮುಚ್ಚಲಾಯಿತು. ಅವುಗಳಲ್ಲಿದ್ದ ಸಾವಿರಾರು ಕಪ್ಪು ಶಿಕ್ಷಕರು, ಮುಖ್ಯೋಪಾಧ್ಯಾಯರು ಕೆಲಸ ಕಳೆದುಕೊಂಡರು. ಮಕ್ಕಳು ಒಳಗೆ ಬಂದರು. ಆ ಮಕ್ಕಳನ್ನು ಬಲ್ಲವರು ಹೊರಗುಳಿದರು. ಕನ್ನಡದಲ್ಲಿ ನಮಗೆ ಎರಡು ಮಾತುಗಳಿವೆ: ಒಳಬಿಡುವುದು, ಒಳಗೊಳ್ಳುವುದು. ಒಳಬಿಡುವುದಕ್ಕೆ ಒಂದು ಆದೇಶ ಸಾಕು, ಬಾಗಿಲು ತೆರೆದರೆ ಮುಗಿಯಿತು. ಒಳಗೊಳ್ಳಬೇಕಾದರೆ ಮೊದಲೇ ಒಳಗಿದ್ದವರು ಸ್ವಲ್ಪ ಸರಿದು ಕೂರಬೇಕು. ಇಂದು ತರಬೇತಿಗಳಲ್ಲಿ ನಮಗೆ ಹೇಳಿಕೊಡುವ ಒಳಗೊಳ್ಳುವ ಶಿಕ್ಷಣವೆಂಬ ಮಾತು ಬಹುಪಾಲು ಒಳಬಿಡುವ ಶಿಕ್ಷಣವೇ ಆಗಿದೆಯೆಂಬುದು ನನ್ನ ತಕರಾರು.

ಇದು ದೂರದ ಅಮೆರಿಕದ ಸಂಗತಿಯೆಂದು ಯಾರೂ ಭಾವಿಸಬೇಕಾಗಿಲ್ಲ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಜಾನ್ ಡ್ಯೂಯಿಯಂಥವರ ಪಾಠ ಕೇಳಿ ಬಂದ ಡಾ. ಅಂಬೇಡ್ಕರ್ 1918ರಲ್ಲಿ ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾದರು. ಅಧ್ಯಾಪಕರ ಕೋಣೆಯಲ್ಲಿದ್ದ ನೀರಿನ ಪಾತ್ರೆಯನ್ನು ಅವರು ಮುಟ್ಟುವುದಕ್ಕೆ ಸಹೋದ್ಯೋಗಿಗಳಿಂದ ಆಕ್ಷೇಪ ಬಂತು. ಹುಡುಗನಾಗಿದ್ದಾಗ ಶಾಲೆಯಲ್ಲಿ ಜವಾನ ಎತ್ತಿ ಹೊಯ್ದರಷ್ಟೇ ನೀರು ಸಿಗುತ್ತಿದ್ದ ವಿದ್ಯಾರ್ಥಿ ಅವರು. ಜವಾನನಿಲ್ಲದ ದಿನ ಬಾಯಾರಿಕೆಯೇ ಗತಿ. ಪ್ರಾಧ್ಯಾಪಕನಾದ ಮೇಲೂ ನೀರಿನ ಪ್ರಶ್ನೆ ಮುಗಿಯಲಿಲ್ಲ. ಕುರ್ಚಿ ಕೊಟ್ಟವರು ನೀರು ಕೊಡಲಿಲ್ಲ. ಅಂದರೆ ಒಳಗೊಳ್ಳುವ ಪ್ರಶ್ನೆ ವಿದ್ಯಾರ್ಥಿಗಳಿಗೆ ಸಂಬಂಧಿಸಿದಷ್ಟೇ ಅಧ್ಯಾಪಕರಿಗೂ ಸಂಬಂಧಿಸಿದ್ದು. ಈ ವಿಷಯದಲ್ಲಿ ನಮ್ಮಲ್ಲಿ ಕಾಯಿದೆಗಳಿಗೇನೂ ಕೊರತೆಯಿಲ್ಲ. ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಸಮಾನತೆಯನ್ನು ಬೆಳೆಸಲೆಂದು ಯು.ಜಿ.ಸಿ. 2012ರಲ್ಲೇ ನಿಯಮಾವಳಿ ಹೊರಡಿಸಿತು. 2016ರ ಜನವರಿಯಲ್ಲಿ ಹೈದರಾಬಾದು ವಿಶ್ವವಿದ್ಯಾಲಯದ ಸಂಶೋಧನ ವಿದ್ಯಾರ್ಥಿ ರೋಹಿತ್ ವೇಮುಲ ಪ್ರಾಣ ಕಳೆದುಕೊಂಡಾಗ ಆ ನಿಯಮಾವಳಿ ಕಪಾಟಿನಲ್ಲಿ ಇದ್ದೇ ಇತ್ತು.

ಇನ್ನು ಬೆಲ್ ಹುಕ್ಸರ ಮುಖ್ಯ ವಾದಕ್ಕೆ ಬರೋಣ. ಅವರು ಗುರುವೆಂದು ಒಪ್ಪಿಕೊಂಡವರಲ್ಲಿ ಬ್ರೆಜಿಲಿನ ಪಾವ್ಲೊ ಫ್ರೇರೆ ಒಬ್ಬರು. ವಿದ್ಯಾರ್ಥಿಯ ತಲೆಯನ್ನು ಬ್ಯಾಂಕಿನ ಖಾತೆಯೆಂದು ತಿಳಿದು ಮಾಸ್ತರು ಅದರಲ್ಲಿ ಠೇವಣಿ ಇಡುತ್ತಾ ಹೋಗುವುದು, ಪರೀಕ್ಷೆಯ ದಿನ ಅದನ್ನು ಹಿಂದಕ್ಕೆ ಪಡೆಯುವುದು, ಇದು ಶಿಕ್ಷಣವಲ್ಲವೆಂದು ಹೇಳಿದವರು ಫ್ರೇರೆ. ಅವರನ್ನು ಇಷ್ಟು ಗೌರವಿಸುವ ಲೇಖಕಿ, ಅವರು ತಮ್ಮ ವಿಶ್ವವಿದ್ಯಾಲಯಕ್ಕೆ ಬಂದಾಗ ಎದ್ದುನಿಂತು, ನಿಮ್ಮ ಬರಹದಲ್ಲಿ ಹೆಂಗಸರೆಲ್ಲಿ ಎಂಬರ್ಥದ ಪ್ರಶ್ನೆ ಹಾಕುತ್ತಾರೆ. ಸಭೆಯಲ್ಲಿದ್ದ ಕೆಲವರು ಬಾಯಿ ಮುಚ್ಚಿಸಲು ನೋಡುತ್ತಾರೆ. ಫ್ರೇರೆಯವರೇ ಅವರನ್ನು ತಡೆದು, ಪ್ರಶ್ನೆ ಸರಿಯಾದದ್ದೆಂದು ಉತ್ತರಿಸಲು ತೊಡಗುತ್ತಾರೆ. ಅವರ ಪುಸ್ತಕಗಳಿಗಿಂತ ಹೆಚ್ಚಿನದನ್ನು ಆ ಒಂದು ನಡತೆ ತಮಗೆ ಕಲಿಸಿತೆಂಬ ಭಾವ ಲೇಖಕಿಯ ಬರಹದಲ್ಲಿದೆ. ನನಗೂ ಹಾಗೆಯೇ ಕಂಡಿತು. ಸಾಚಾ ಅಧ್ಯಾಪಕನನ್ನು ಗುರುತಿಸುವುದು ಅವನು ಆಡುವ ಮಾತಿನಿಂದಲ್ಲ, ತನ್ನ ವಿರುದ್ಧ ಕೇಳಿದ ಪ್ರಶ್ನೆಯ ಎದುರು ಅವನು ನಿಲ್ಲುವ ರೀತಿಯಿಂದ.

ಲೇಖಕಿಯ ಪ್ರಕಾರ ಅಧ್ಯಾಪಕರು ಮೊದಲು ತಾವು ತೆರೆದುಕೊಳ್ಳಬೇಕು. ವಿದ್ಯಾರ್ಥಿಗಳಿಂದ ಅವರ ಬದುಕಿನ ಮಾತನ್ನು ಹೇಳಿಸಿ, ತಾವು ಮಾತ್ರ ಮೇಜಿನ ಹಿಂದೆ ಸುರಕ್ಷಿತವಾಗಿ ಕೂರುವುದು ಅಧಿಕಾರದ ದುರುಪಯೋಗ. ಆ ಮೇಜಿನ ಬಗ್ಗೆಯೇ ಒಂದು ಒಳ್ಳೆಯ ಚರ್ಚೆ ಪುಸ್ತಕದಲ್ಲಿದೆ. ಮೇಜನ್ನು ಬಿಟ್ಟು ವಿದ್ಯಾರ್ಥಿಗಳ ನಡುವೆ ಬಂದಾಗ ಮೊದಮೊದಲು ತಮಗೆ ಅಳುಕಾಗುತ್ತಿತ್ತೆಂದೂ, ಆ ಅಳುಕಿನಿಂದಲೇ ಮೇಜು ಎಂಥ ಅಧಿಕಾರವೆಂಬುದು ತಿಳಿಯಿತೆಂದೂ ಅವರು ಹೇಳುತ್ತಾರೆ. ಹೈಸ್ಕೂಲಿನ ನಮಗೆ ಇದು ಹೊಸತಲ್ಲ. ಅರವತ್ತು ಹುಡುಗರ ತರಗತಿಯಲ್ಲಿ ಮೇಜಿನ ಹಿಂದೆ ನಿಂತರೆ ಪಾಠವೇ ನಡೆಯುವುದಿಲ್ಲ. ಕೊನೆಯ ಬೆಂಚಿನ ತನಕ ನಡೆದು, ಪಟ್ಟಿ ಪುಸ್ತಕ ನೋಡಿ, ತಲೆನೋವೇ ಹೊಟ್ಟೆನೋವೇ ಎಂದು ಕೇಳುವುದು ನಮ್ಮ ದಿನನಿತ್ಯದ ಕೆಲಸ. ವಿಶ್ವವಿದ್ಯಾಲಯದವರು ದೊಡ್ಡ ಸಿದ್ಧಾಂತವಾಗಿ ಕಂಡುಕೊಂಡದ್ದನ್ನು ಕನ್ನಡ ಶಾಲೆಯ ಅಕ್ಕೋರು ಸೆರಗು ಸಿಕ್ಕಿಸಿಕೊಂಡು ಮಾಡುತ್ತಲೇ ಬಂದಿದ್ದಾರೆ. ಬೆಲ್ ಹುಕ್ಸರ ದೊಡ್ಡತನವೆಂದರೆ ಅವರು ಇದನ್ನು ಮರೆಯಲಿಲ್ಲ. ತಮ್ಮ ಪ್ರಾಥಮಿಕ ಶಾಲೆಯ ಆ ಹೆಂಗಸರನ್ನು ವಿಶ್ವವಿದ್ಯಾಲಯದ ಪಂಡಿತರಿಗಿಂತ ಮೇಲೆ ಕೂರಿಸಿದರು.

ಆದರೆ ಒಂದು ಕಡೆ ನಾನು ಅವರೊಂದಿಗೆ ಹೋಗಲಾರೆ. ತಮ್ಮ ತರಗತಿಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ದಿನಚರಿಯಂಥ ಬರಹ ಬರೆದು ಅದರ ಒಂದು ಭಾಗವನ್ನು ಎಲ್ಲರೆದುರು ಓದಲೇಬೇಕೆಂದು ಅವರು ನಿಯಮ ಮಾಡಿದ್ದರು. ಯಾರೂ ಕಣ್ಣಿಗೆ ಬೀಳದೆ ಉಳಿಯಬಾರದೆಂಬುದು ಅವರ ಉದ್ದೇಶ. ಕೆಲವರಿಗೆ ಇದು ಇಷ್ಟವಾಗದಿದ್ದರೂ ಕಡ್ಡಾಯವೆಂದು ಮೊದಲ ದಿನವೇ ತಿಳಿಸುತ್ತಿದ್ದರಂತೆ. ಉದ್ದೇಶ ಒಳ್ಳೆಯದೇ. ಆದರೆ ನಮ್ಮ ನಾಡಿನ ತರಗತಿಯಲ್ಲಿ ಕಣ್ಣಿಗೆ ಬೀಳುವುದು ಯಾವಾಗಲೂ ವರವಲ್ಲ.

ವಿದ್ಯಾರ್ಥಿವೇತನದ ಸುತ್ತೋಲೆ ಬಂದ ದಿನ ಶಾಲೆ ಕಾಲೇಜುಗಳಲ್ಲಿ ನಡೆಯುವುದನ್ನು ಕಂಡವರಿಗೆ ನನ್ನ ಮಾತು ಅರ್ಥವಾಗುತ್ತದೆ. ಸುತ್ತೋಲೆ ಓದಿ, ಎಸ್ಸಿ, ಎಸ್ಟಿಯವರು ಎದ್ದು ನಿಲ್ಲಿ ಎಂದರೆ ಸಾಕು. ಅಷ್ಟು ದಿನ ಜೊತೆಗೆ ಡಬ್ಬಿ ಬಿಚ್ಚುತ್ತಿದ್ದ ಗೆಳತಿಯರು ತಿರುಗಿ ನೋಡುತ್ತಾರೆ. ಕೊಡುವ ಹಣ ಮಗುವನ್ನು ಒಳಗೊಳ್ಳಲೆಂದೇ ಬಂದದ್ದು. ಕೊಡುವ ರೀತಿ ಅದನ್ನು ಹೊರಗೆ ನಿಲ್ಲಿಸುತ್ತದೆ. ನಮ್ಮ ಶಾಲೆಯಲ್ಲಿ ನಾವು ಕೆಲವರು ಸೇರಿ ಆ ಓದುವ ಪದ್ಧತಿಯನ್ನು ನಿಲ್ಲಿಸಿ, ಅರ್ಜಿಗಳನ್ನು ಎಲ್ಲ ಮಕ್ಕಳ ಕೈಗೂ ಕೊಟ್ಟು, ಬೇಕಾದವರು ತುಂಬಿ ಕಚೇರಿಯಲ್ಲಿ ಕೊಡಲಿ ಎಂದು ಮಾಡಿದೆವು. ಇದಕ್ಕೆ ಒಂದಿಷ್ಟು ಹೆಚ್ಚಿನ ಕಾಗದ ಬಿಟ್ಟರೆ ಬೇರೆ ಖರ್ಚು ಬರಲಿಲ್ಲ.

ಬೆಲ್ ಹುಕ್ಸರ ಪುಸ್ತಕ ಬಂದ ಅದೇ 1994ರಲ್ಲಿ ಕನ್ನಡದಲ್ಲಿ ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' ಪ್ರಕಟವಾಯಿತು. ಕನ್ನಡದ ಮೊದಲ ದಲಿತ ಆತ್ಮಕಥನವೆಂದು ಅದನ್ನು ಗುರುತಿಸುತ್ತಾರೆ. ವಿಜಾಪುರ ಸೀಮೆಯ ಮುದ್ದೇಬಿಹಾಳದ ಹುಡುಗ ಮುಂದೆ ವಿಶ್ವವಿದ್ಯಾಲಯದ ಪ್ರಾಧ್ಯಾಪಕನಾಗುವವರೆಗಿನ ದಾರಿಯಲ್ಲಿ ಉಂಡದ್ದೆಲ್ಲ ಅದರ ಹಿಂದಿದೆ. ಆ ಶೀರ್ಷಿಕೆಯನ್ನು ಗಮನಿಸಬೇಕು. ಸರ್ಕಾರದ ಸವಲತ್ತು ಪಡೆಯುವವರನ್ನು ಚುಚ್ಚಲು ಆಡುವ ಕುಹಕದ ಮಾತನ್ನೇ ಎತ್ತಿಕೊಂಡು ಲೇಖಕರು ತಮ್ಮ ಪುಸ್ತಕದ ಹಣೆಗೆ ಅಂಟಿಸಿದ್ದಾರೆ. ಸಿದ್ಧಲಿಂಗಯ್ಯನವರ 'ಊರು ಕೇರಿ'ಯ ದಾರಿ ಬೇರೆ. ಅಲ್ಲಿ ಅವಮಾನ, ಹಸಿವುಗಳೆಲ್ಲ ನಗುವಿನ ಬಟ್ಟೆ ತೊಟ್ಟು ಬರುತ್ತವೆ. ಓದುಗ ನಕ್ಕು ಮುಗಿಸಿದ ಮೇಲೆ ಅವನಿಗೆ ಗಂಟಲು ಕಟ್ಟುತ್ತದೆ. ಇವರಿಬ್ಬರೂ ಮಾತಾಡಿದರು, ನಿಜ. ಆದರೆ ತಮಗೆ ಬೇಕಾದಾಗ, ತಮಗೆ ಬೇಕಾದ ಧಾಟಿಯಲ್ಲಿ ಮಾತಾಡಿದರು. ಇವತ್ತು ನಿನ್ನ ಸರದಿ, ಓದು ಎಂದು ಯಾವ ಪ್ರಾಧ್ಯಾಪಕರೂ ಅವರನ್ನು ಎಬ್ಬಿಸಿ ನಿಲ್ಲಿಸಿ ಹೇಳಿಸಿದ್ದಲ್ಲ. ಹಾಗೆ ಹೇಳಿಸಿದ್ದರೆ ಆ ಪುಸ್ತಕಗಳು ಹುಟ್ಟುತ್ತಿದ್ದವೇ ಎಂಬ ಸಂಶಯ ನನಗಿದೆ. ಮೌನವಾಗಿರುವ ಹಕ್ಕೂ ಒಳಗೊಳ್ಳುವುದರ ಒಂದು ಭಾಗ. ಬೆಲ್ ಹುಕ್ಸರ ಪುಸ್ತಕದಲ್ಲಿ ಈ ಮಾತಿಗೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ.

ಭಾಷೆಯ ಬಗ್ಗೆ ಅವರು ಬರೆದದ್ದನ್ನು ಮಾತ್ರ ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಕಪ್ಪು ವಿದ್ಯಾರ್ಥಿಗಳು ಮನೆಯಲ್ಲಾಡುವ ಇಂಗ್ಲಿಷನ್ನು ತರಗತಿಯ ಹೊರಗೇ ಬಿಟ್ಟು ಬರುತ್ತಿದ್ದುದನ್ನು ಕಂಡು, ಅವರವರ ಮೊದಲ ಭಾಷೆಯಲ್ಲೇ ಹೇಳಿ ಆಮೇಲೆ ಅನುವಾದಿಸಿರಿ ಎಂದು ಅವರು ಸೂಚಿಸುತ್ತಾರೆ. ಬಿಳಿಯ ವಿದ್ಯಾರ್ಥಿಗಳು ನಮಗೆ ಅರ್ಥವಾಗುವುದಿಲ್ಲವೆಂದು ದೂರಿದಾಗ ಲೇಖಕಿಯ ಉತ್ತರ ಸೊಗಸಾಗಿದೆ: ಅರ್ಥವಾಗದೆ ಕೂತಿರುವ ಆ ಹೊತ್ತೂ ಕಲಿಯುವ ಹೊತ್ತೇ ಎಂದು ತಿಳಿಯಿರಿ ಎನ್ನುತ್ತಾರೆ.

ಈ ಪುಟಗಳನ್ನು ಓದುವಾಗ ನನ್ನ ಆ ವಿದ್ಯಾರ್ಥಿನಿಯ ಎಂ.ಎ. ದಿನಗಳು ನೆನಪಾದವು. ಅವಳು ಸೇರಿದ ವಿಶ್ವವಿದ್ಯಾಲಯದಲ್ಲಿ ಮೊದಲ ಸೆಮಿನಾರಿನಲ್ಲಿ ತನ್ನೂರಿನ ಕೂಲಿ ಹೆಂಗಸರ ಬಗ್ಗೆ ತನ್ನೂರಿನ ಕನ್ನಡದಲ್ಲೇ ಮಾತಾಡಿದಳು. ಇದು ಸಂತೆಯ ಭಾಷೆ, ಇಲ್ಲಿ ನಡೆಯುವುದಿಲ್ಲ ಎಂದು ಪ್ರಾಧ್ಯಾಪಕರು ಅಂದರಂತೆ. ತರಗತಿ ನಕ್ಕಿತು. ಆ ಹುಡುಗಿ ನಮ್ಮ ಶಾಲೆಯಲ್ಲಿ ಚರ್ಚಾಸ್ಪರ್ಧೆಯಲ್ಲಿ ಬಹುಮಾನ ಪಡೆದವಳು. ಅಲ್ಲಿ ಎರಡು ವರ್ಷ ಬಾಯಿ ಬಿಡಲಿಲ್ಲ. ಪ್ರಥಮ ದರ್ಜೆಯಲ್ಲಿ ಪಾಸಾಗಿ, ಪುಸ್ತಕದ ಕನ್ನಡ ಕಲಿತು ಹೊರಬಂದಳು. ದಾಖಲೆಯಲ್ಲಿ ಅವಳು ಯಶಸ್ವಿ ವಿದ್ಯಾರ್ಥಿನಿ. ಅವಳ ಒಳಗಿನ ಮಾತು ಏನಾಯಿತೆಂಬುದಕ್ಕೆ ಯಾವ ದಾಖಲೆಯಲ್ಲೂ ಕಲಮು ಇಲ್ಲ. ಕೂಲಿಕಾರರ ಬದುಕನ್ನು ಅಧ್ಯಯನ ಮಾಡುವ ವಿಭಾಗದಲ್ಲಿ ಕೂಲಿಕಾರರ ಭಾಷೆ ನಿಷಿದ್ಧವಾಗುವುದಾದರೆ ಅಲ್ಲಿ ಅಧ್ಯಯನವಾಗುವುದು ಏನು?

ಈಗ ಅವಳು ಮೇಜಿನ ಈಚೆಗೆ ಬಂದಿದ್ದಾಳೆ. ಕೊನೆಯ ಬೆಂಚಿನಲ್ಲಿ ಅವಳಂಥ ಹುಡುಗಿಯರೇ ಕೂತಿದ್ದಾರೆ. ಅವಳ ಪುಸ್ತಕದ ಕನ್ನಡ ಕೇಳಿ ಅವಳನ್ನು ದೊಡ್ಡ ಮನೆಯವಳೆಂದು ತಿಳಿದಿದ್ದಾರೆ. ಹೇಳಿಕೊಂಡರೆ ಆ ಹುಡುಗಿಯರಿಗೆ ಧೈರ್ಯ ಬರಬಹುದು. ಆದರೆ ಅಧ್ಯಾಪಕರ ಕೋಣೆಯಲ್ಲಿ ನೋಟಗಳು ಬದಲಾಗಬಹುದು. ಪ್ರತಿವರ್ಷ ಅವಳ ನೇಮಕ ಹೊಸದಾಗಿ ಆಗಬೇಕು. ಇಲ್ಲಿ ಬೆಲ್ ಹುಕ್ಸರಿಗೂ ಅವಳಿಗೂ ಇರುವ ಅಂತರ ದೊಡ್ಡದು. ಓಬರ್ಲಿನ್‌ನಲ್ಲಿ ತಮ್ಮ ಕೆಲಸ ಕಾಯಂ ಆಗುವ ಹೊತ್ತಿನಲ್ಲಿ, ಇನ್ನು ಈ ವಿದ್ಯಾಲಯದಲ್ಲೇ ಸಿಕ್ಕಿಬಿದ್ದೆನಲ್ಲಾ ಎಂದು ಓಡಿಹೋಗುವ ಕನಸು ತಮಗೆ ಬೀಳುತ್ತಿತ್ತೆಂದು ಅವರು ಬರೆಯುತ್ತಾರೆ. ಅದು ಪ್ರಾಮಾಣಿಕವಾದ ಮಾತು. ಆದರೆ ನಮ್ಮ ರಾಜ್ಯದ ಪದವಿ ಕಾಲೇಜುಗಳಲ್ಲಿ, ವಿಶ್ವವಿದ್ಯಾಲಯಗಳಲ್ಲಿ ಪಾಠ ಹೊತ್ತು ನಡೆಸುತ್ತಿರುವ ಸಾವಿರಾರು ಅತಿಥಿ ಉಪನ್ಯಾಸಕರಿಗೆ ಬೀಳುವ ಕನಸೇ ಬೇರೆ. ಸೇವೆ ಕಾಯಂ ಮಾಡಿರೆಂದು 2023ರ ಕೊನೆಯಲ್ಲಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು ತರಗತಿ ಬಿಟ್ಟು ಧರಣಿ ಕೂತಿದ್ದನ್ನು ನಾವೆಲ್ಲ ಕಂಡಿದ್ದೇವೆ. ವರ್ಷ ವರ್ಷ ಬಾಗಿಲ ಹೊರಗೆ ಕಾಯಬೇಕಾದವರಿಂದ ಎಲ್ಲರನ್ನೂ ಒಳಗೊಳ್ಳಿರಿ ಎಂದು ನಿರೀಕ್ಷಿಸುವುದು ಎಂಥ ವಿಪರ್ಯಾಸ! ಸಾಚಾತನಕ್ಕೂ ಸಂಬಳಕ್ಕೂ ಸಂಬಂಧವಿದೆ. ಅಧ್ಯಾಪಕರ ಆತ್ಮಶೋಧನೆಯ ಬಗ್ಗೆ ಉಪನ್ಯಾಸ ಏರ್ಪಡಿಸುವವರು ಈ ಲೆಕ್ಕವನ್ನೂ ಮಾಡಬೇಕು.

ಪುಸ್ತಕದ ಬರವಣಿಗೆಯ ಬಗ್ಗೆಯೂ ಎರಡು ಮಾತು ಹೇಳಬೇಕು. ಕೆಲವು ಪ್ರಬಂಧಗಳಲ್ಲಿ ಪ್ರವಚನದ ಧಾಟಿ ಬಂದುಬಿಡುತ್ತದೆ. ವಿಮೋಚನೆ, ಸಮುದಾಯ ಎಂಬ ಮಾತುಗಳು ಮತ್ತೆ ಮತ್ತೆ ಬಂದು ಸವೆಯುತ್ತವೆ. ಚಿಕ್ಕ ತರಗತಿಗಳಲ್ಲಿ ಸಾಧ್ಯವಾದ ಪದ್ಧತಿಗಳನ್ನು ನೂರಿಪ್ಪತ್ತು ಮಂದಿ ತುಂಬಿದ ನಮ್ಮ ಕೋಣೆಗಳಿಗೆ ಹಾಗೆಯೇ ತರಲಾಗುವುದಿಲ್ಲ. ಆದರೂ ತಮ್ಮದೇ ಎರಡು ಹೆಸರುಗಳ ನಡುವೆ ಸಂಭಾಷಣೆ ನಡೆಸಿ, ಗ್ಲೋರಿಯಾ ಕೇಳಿದ ಪ್ರಶ್ನೆಗೆ ಬೆಲ್ ಹುಕ್ಸ್ ಉತ್ತರಿಸುವಂತೆ ಬರೆದಿರುವ ಅಧ್ಯಾಯದಂಥದನ್ನು ನಾನು ಬೇರೆಲ್ಲೂ ಓದಿಲ್ಲ. ಊರಿನ ಹುಡುಗಿ ಪ್ರಾಧ್ಯಾಪಕಿಯನ್ನು ಪ್ರಶ್ನಿಸುತ್ತಾಳೆ. ಪದವಿ ಪಡೆದವರೆಲ್ಲರೂ ತಮ್ಮೊಳಗೆ ಈ ಹುಡುಗಿಯನ್ನು ಉಳಿಸಿಕೊಂಡಿದ್ದರೆ ವಿಶ್ವವಿದ್ಯಾಲಯಗಳ ಸ್ವರೂಪ ಬೇರೆಯಾಗುತ್ತಿತ್ತು.

ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ ಬೆಲ್ ಹುಕ್ಸ್ ಕೊಡುವ ಉತ್ತರ, ಹೇಳು ಎಂಬುದು. ನನ್ನ ಉತ್ತರ ಸ್ವಲ್ಪ ಬೇರೆ. ಸಾಚಾತನವೆಂದರೆ ತನ್ನ ಕಥೆಯನ್ನೆಲ್ಲ ಬಿಚ್ಚಿಡುವುದು ಎಂದು ನಾನು ತಿಳಿದಿಲ್ಲ. ತಾನಲ್ಲದ್ದನ್ನು ತಾನೆಂದು ತೋರಿಸದಿರುವುದು ಎಂದು ತಿಳಿದಿದ್ದೇನೆ. ಹೇಳುವ ಹೊಣೆ ಎಲ್ಲರ ಮೇಲೂ ಸಮನಾಗಿಲ್ಲ. ತಲೆಮಾರುಗಳಿಂದ ಓದುತ್ತ ಬಂದ ಮನೆಯ ಪ್ರಾಧ್ಯಾಪಕರು ತಮ್ಮ ಕಥೆ ಹೇಳಬೇಕಾಗಿಯೇ ಇಲ್ಲ, ಪಠ್ಯಪುಸ್ತಕವೇ ಅವರ ಪರವಾಗಿ ಅದನ್ನು ಹೇಳುತ್ತಿರುತ್ತದೆ. ಅಂಥವರು ಬಾಯಿಬಿಟ್ಟು, ತಮಗೆ ಏನೇನು ಸುಲಭವಾಗಿ ಸಿಕ್ಕಿತು ಎಂದು ವಿದ್ಯಾರ್ಥಿಗಳಿಗೆ ಹೇಳಲಿ. ಮೊದಲು ತೆರೆದುಕೊಳ್ಳಬೇಕಾದವರು ಅವರೇ. ಕೆಳಗಿನಿಂದ ಬಂದವಳಿಗೆ ತನ್ನ ಕಥೆ ತನ್ನ ಆಸ್ತಿ. ಅದನ್ನು ಯಾವಾಗ ತೆಗೆಯಬೇಕು, ಯಾರೆದುರು ತೆಗೆಯಬೇಕು ಎಂಬುದನ್ನು ಅವಳೇ ನಿರ್ಧರಿಸಬೇಕು.

ಕಥೆ ಹೇಳದೆಯೂ ಅವಳು ಮಾಡಬಹುದಾದ ಕೆಲಸವಿದೆ. ಕೊನೆಯ ಬೆಂಚಿನ ಹುಡುಗಿ ತನ್ನೂರಿನ ಮಾತಿನಲ್ಲಿ ಉತ್ತರ ಕೊಟ್ಟಾಗ ಅದನ್ನು ತಿದ್ದದೆ, ಅದೇ ಮಾತಿನಲ್ಲಿ ಮುಂದಿನ ಪ್ರಶ್ನೆ ಕೇಳಬಹುದು. ಆ ಹುಡುಗಿಗೆ ಗುರುತು ಹತ್ತಲು ಅಷ್ಟು ಸಾಕು. ಉಳಿದವರು ಅರ್ಥವಾಗದಿದ್ದರೆ ಸ್ವಲ್ಪ ಹೊತ್ತು ಕೂತು ಕೇಳಲಿ. ಸರಿದು ಕೂರುವುದೆಂದರೆ ಅದೇ.